ತಾರಾ ಅತ್ತಿಯ ದಾಳಿಂಬೆ

ತಾರಾ ಅತ್ತಿ ಗಂಡನ ಮನೆಯಿಂದ ತಿರುಗಿ ಬಂದ ದಿನ ಅವಳ ಕೈಚೀಲದಲ್ಲಿ ಎರಡು ಸೀರೆ, ಒಂದು ಹಣಿಗೆ, ಒದ್ದೆ ಅರಿವೆಯಲ್ಲಿ ಸುತ್ತಿದ ಐದು ದಾಳಿಂಬೆ ಕಡ್ಡಿಗಳಿದ್ದವು. ನನಗಾಗ ಐದು ವರ್ಷವಿರಬೇಕು. ಅತ್ತಿ ಅಂದರೆ ಅಪ್ಪನ ತಂಗಿ. ಅವಳನ್ನು ಕೊಕಟನೂರಿನ ಕಡೆ ಒಂದು ಮನೆಗೆ ಕೊಟ್ಟಿದ್ದರು. ಎಂಟು ವರ್ಷ ಬಾಳುವೆ ಮಾಡಿದಳು, ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ಮಾಡಿಕೊಂಡ. ಹೊಸಬಳ ಬಾಣಂತನ ಮಾಡಿಕೊಂಡು ಅಲ್ಲಿಯೇ ಇರಬಹುದು ಎಂದು ಆ ಮನೆಯವರು ಹೇಳಿದ್ದರಂತೆ. ಅತ್ತಿ ಇರಲಿಲ್ಲ. ಬಸ್ಸಿಳಿದು ಅಲಖನೂರಿನ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಾಗ ಆಯಿ, ಅಂದರೆ ನನ್ನ ಅಪ್ಪನ ಮತ್ತು ಅತ್ತಿಯ ತಾಯಿ, ಕಟ್ಟೆಯ ಮೇಲೆ ಕುಳಿತು ಶೇಂಗಾ ಒಡೆಯುತ್ತಿದ್ದಳು. ಎದ್ದು ನೀರು ಕೊಡಲಿಲ್ಲ. ಮಗಳ ಕೈಚೀಲವನ್ನು ನೋಡಿದಳು. ಎಷ್ಟು ದಿನ ಇರುವವಳು ಎಂದು ಕೇಳಿದಳು. ಅತ್ತಿ ಹಿತ್ತಲಲ್ಲಿ ಪಾತ್ರೆ ತೊಳೆದ ನೀರು ಎಲ್ಲಿ ಹೋಗಿ ಬೀಳುತ್ತದೆ ಎಂದು ನನ್ನ ಅವ್ವನನ್ನು ಕೇಳಿದಳು. ಅವ್ವ ಕೈ ಮಾಡಿ ತೋರಿಸಿದಳು. ಅಂದು ಸಂಜೆಯೊಳಗೆ ಐದೂ ಕಡ್ಡಿಗಳು ನೆಲದಲ್ಲಿದ್ದವು.

ನಮ್ಮ ಮನೆ ಆ ಕಡೆಯ ಎಲ್ಲ ಒಕ್ಕಲಿಗರ ಮನೆಗಳ ಹಾಗೆಯೇ ಇತ್ತು. ಒಳಗೆ ಕಾಲಿಟ್ಟರೆ ಮೊದಲು ದನ ಕಟ್ಟುವ ಜಾಗ, ಅದಕ್ಕಿಂತ ಒಂದಿಷ್ಟು ಎತ್ತರದಲ್ಲಿ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅದಕ್ಕೂ ಹಿಂದೆ ಬಚ್ಚಲು, ಕಡೆಗೆ ಹಿತ್ತಲು. ಯಾರು ಎಲ್ಲಿಯವರೆಗೆ ಬರಬಹುದು, ಯಾರು ಎಲ್ಲಿ ಕೂಡಬಹುದು ಎಂಬುದನ್ನು ಯಾರೂ ಹೇಳಿಕೊಡುತ್ತಿರಲಿಲ್ಲ. ನೋಡಿ ಕಲಿಯಬೇಕಿತ್ತು. ಪಡಸಾಲೆ ಅಪ್ಪನದು. ಅಡುಗೆಮನೆ ಆಯಿಯದು, ಅಲ್ಲಿ ಒಲೆಯ ಮುಂದೆ ಕೂತು ಬೇಯುವವಳು ಅವ್ವ. ಬಚ್ಚಲಿನ ಪಕ್ಕ ಶೇಂಗಾ ಚೀಲ, ಹಿಂಡಿಯ ಚೀಲ ಒಟ್ಟುವ ಕತ್ತಲೆ ಕೋಣೆಯೊಂದಿತ್ತು. ಅತ್ತಿಗೆ ಅಲ್ಲಿ ಕೌದಿ ಹಾಸಿಕೊಳ್ಳಲು ಹೇಳಿದರು. ಊಟದಲ್ಲಿ ಮೊದಲು ಅಪ್ಪ, ಆಮೇಲೆ ಆಯಿಯ ಜೊತೆ ನಾನು ಮತ್ತು ನನ್ನ ತಂಗಿ ಸುರೇಖಾ, ಆಮೇಲೆ ಅವ್ವ. ಎಲ್ಲರದೂ ಆದ ಮೇಲೆ ಅತ್ತಿ ಎರಡು ರೊಟ್ಟಿಯ ಮೇಲೆ ಪಲ್ಯ ಹಾಕಿಕೊಂಡು ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕೂತು ಉಣ್ಣುತ್ತಿದ್ದಳು. ಹೊಸ್ತಿಲ ಮೇಲೆ ಕೂತು ಉಣ್ಣಬಾರದೆಂದು ಆಯಿ ನನಗೂ ಸುರೇಖಾಗೂ ಎಷ್ಟೋ ಸಲ ಬೈದಿದ್ದಳು. ಅತ್ತಿಗೆ ಒಮ್ಮೆಯೂ ಹೇಳಲಿಲ್ಲ. ಮನೆಯ ಲಕ್ಷ್ಮಿ ಹೋಗುತ್ತಾಳೆ ಎಂಬುದು ಆ ನಿಷೇಧದ ಕಾರಣವಾಗಿದ್ದರೆ ಅತ್ತಿಯ ವಿಷಯದಲ್ಲಿ ಆಯಿ ಅದನ್ನು ಹೇಗೆ ಮರೆತಳು ಎಂದು ನಾನು ಬಹಳ ವರ್ಷ ಕೇಳಿಕೊಳ್ಳಲಿಲ್ಲ. ಮಕ್ಕಳು ಮನೆಯ ಅನ್ಯಾಯವನ್ನು ಮನೆಯ ಗೋಡೆಯ ಹಾಗೆಯೇ ನೋಡುತ್ತಾರೆ, ಅದು ಇರುವುದೇ ಹಾಗೆ ಎಂದುಕೊಂಡು.

ಐದು ಕಡ್ಡಿಗಳಲ್ಲಿ ಎರಡು ಒಣಗಿದವು, ಮೂರು ಚಿಗುರಿದವು. ಬಚ್ಚಲಿನ ಸಾಬೂನು ನೀರು ಗಿಡಕ್ಕೆ ಆಗುವುದಿಲ್ಲವೆಂದು ಅತ್ತಿ ಪಾತ್ರೆ ತೊಳೆಯುವ ಕಲ್ಲಿನಿಂದ ಬೇರೆ ಕಾಲುವೆ ತೆಗೆದಳು. ಒಲೆಯ ಬೂದಿ ಹಾಕಿದಳು, ಆಡಿನ ಹಿಕ್ಕೆ ಆರಿಸಿ ತಂದು ಹಾಕಿದಳು. ದಾಳಿಂಬೆಯ ಬುಡದಲ್ಲಿ ಮರಿಗಳು ಏಳುತ್ತಲೇ ಇರುತ್ತವೆ. ಅವನ್ನು ಕುಡುಗೋಲಿನಿಂದ ಸವರಿ, ಗಟ್ಟಿಯಾದ ಮೂರೋ ನಾಲ್ಕೋ ಕಾಂಡ ಉಳಿಸಿದಳು. ಮುಳ್ಳು ಚುಚ್ಚಿ ಅವಳ ಮುಂಗೈ ಸದಾ ಗೀರಿಕೊಂಡಿರುತ್ತಿತ್ತು. ಮೂರನೆಯ ವರ್ಷ ಹೂ ಬಿಟ್ಟವು. ಮೇಣದಲ್ಲಿ ಮಾಡಿದ ಹಾಗೆ ಕೆಂಪಗಿದ್ದ ಆ ಹೂಗಳಲ್ಲಿ ಅರ್ಧಕ್ಕರ್ಧ ನಾಲ್ಕು ದಿನಕ್ಕೆ ಉದುರಿದಾಗ ನಾನು ಅತ್ತುಬಿಟ್ಟೆ. ಅತ್ತಿ ನನ್ನನ್ನು ಹತ್ತಿರ ಕರೆದು ಎರಡು ಹೂಗಳನ್ನು ಅಂಗೈಯಲ್ಲಿಟ್ಟು ತೋರಿಸಿದಳು. ಹೊಟ್ಟೆ ದಪ್ಪ ಇದ್ದದ್ದು ಕಾಯಾಗುತ್ತದೆ, ಚೂಪಗಿರುವುದು ಉದುರಿ ಹೋಗುತ್ತದೆ ಎಂದಳು. ಅಷ್ಟು ಹೇಳಿ ಆ ಹೂಗಳನ್ನು ಕಾಲುವೆಗೆ ಚೆಲ್ಲಿ ಎದ್ದುಹೋದಳು.

ಅವಳಿಂದ ನಾನು ಕಲಿತದ್ದು ಬಹಳ. ಒಮ್ಮೆ ಹಣ್ಣು ಮುಗಿದ ಮೇಲೆ ಒಂದು ತಿಂಗಳು ಗಿಡಕ್ಕೆ ನೀರು ನಿಲ್ಲಿಸಬೇಕು, ಎಲೆ ಉದುರಿ ಗಿಡ ಸತ್ತೇಹೋಯಿತು ಅನ್ನಿಸಬೇಕು, ಆಮೇಲೆ ಬುಡ ಸಡಿಲ ಮಾಡಿ ನೀರು ಬಿಟ್ಟರೆ ಮೈತುಂಬ ಹೂ ಬರುತ್ತದೆ. ಕಾಯಿ ಬಲಿಯುವಾಗ ಮಾತ್ರ ನೀರು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಆಗಬಾರದು, ಹಾಗಾದರೆ ಹಣ್ಣು ಬಿರಿಯುತ್ತದೆ. ಹುಳ ಕೊರೆಯಬಾರದು, ಅಳಿಲು ಮುಟ್ಟಬಾರದು ಎಂದು ಅವಳು ಹಳೆಯ ಸೀರೆ ಹರಿದು ಒಂದೊಂದು ಕಾಯಿಗೂ ಬಟ್ಟೆ ಕಟ್ಟುತ್ತಿದ್ದಳು. ಕೆಂಪು, ಹಳದಿ, ಹೂವಿನ ಚಿತ್ತಾರದ ಗಂಟುಗಳು ಗಿಡದ ತುಂಬ ತೂಗುತ್ತಿದ್ದವು. ನೀರಿಗೆ ಹೋಗುವ ಹೆಂಗಸರು ಗೋಡೆಯಾಚೆಯಿಂದ ನೋಡಿ ನಗುತ್ತಿದ್ದರು. ಅದರಲ್ಲೊಬ್ಬಳು ಹೇಳಿದ ಮಾತು ಊರೆಲ್ಲ ಓಡಾಡಿತು.

"ತಾರವ್ವಗ ಕೂಸಿಲ್ಲ, ಹಣ್ಣಿಗೆ ಕುಂಚಗಿ ಕಟ್ಯಾಳ ನೋಡ್ರಿ."

ಕುಂಚಗಿ ಅಂದರೆ ಕೂಸಿನ ತಲೆಗೆ ಕಟ್ಟುವ ಕುಲಾವಿ. ಅತ್ತಿಯ ಕಿವಿಗೂ ಆ ಮಾತು ಬಿತ್ತು. ಮರುದಿನ ಅವಳು ಇನ್ನೂ ಹತ್ತು ಕಾಯಿಗೆ ಬಟ್ಟೆ ಕಟ್ಟಿದಳು.

ಗಿಡದ ಮೇಲೆ ಇರುವವರೆಗೆ ಹಣ್ಣು ಅತ್ತಿಯದು. ಕಿತ್ತ ಗಳಿಗೆಯಿಂದ ಅದು ಆಯಿಯದು. ಆಯಿ ಬುಟ್ಟಿಯನ್ನು ದೇವರ ಜಗುಲಿಯ ಪಕ್ಕ ಇಟ್ಟುಕೊಂಡು ಹಂಚುತ್ತಿದ್ದಳು. ಮಠದವರಿಗೆ ಇಷ್ಟು, ಅಪ್ಪನಿಗೆ ದಿನಕ್ಕೊಂದು, ಬೀಗರು ಬಂದರೆ ಇಷ್ಟು. ನಮಗೆ ಹುಡುಗಿಯರಿಗೆ ಹಬ್ಬಕ್ಕೆ ಒಂದೊಂದು ಹೋಳು. ಬಿರಿದದ್ದು, ಹುಳ ಹಿಡಿದದ್ದು, ಇರುವೆ ಮುತ್ತಿದ್ದು ಹಿತ್ತಲ ಬಾಗಿಲ ಹಿಂದಿನ ಬುಟ್ಟಿಗೆ ಹೋಗುತ್ತಿತ್ತು. ಅದು ಅತ್ತಿಗೆ ಮತ್ತು ಎಮ್ಮೆಗೆ. ಅತ್ತಿ ಅದರಲ್ಲಿ ಚಲೋ ಇದ್ದ ಕಾಳುಗಳನ್ನು ಬಿಡಿಸಿ ನನ್ನ ಬೊಗಸೆಗೆ ಹಾಕುತ್ತಿದ್ದಳು. ನನ್ನ ಬಾಲ್ಯದ ಸವಿಯೆಲ್ಲ ಆ ತಿರಸ್ಕಾರದ ಬುಟ್ಟಿಯಿಂದ ಬಂದದ್ದು.

ಊರಿನಲ್ಲಿ ಯಾರಿಗಾದರೂ ಕುಬಸವಾದರೆ, ಅಂದರೆ ಏಳನೆಯ ತಿಂಗಳಲ್ಲಿ ಬಸುರಿಗೆ ಉಡಿ ತುಂಬುವ ಕಾರ್ಯವಾದರೆ, ನಮ್ಮ ಮನೆಗೆ ಹೇಳಿಕೆ ಬರುತ್ತಿತ್ತು. ತಾಟಿನಲ್ಲಿ ಇಡಲು ಐದು ದಾಳಿಂಬೆ ಬೇಕು ಎಂದು. ಆಯಿ ದೊಡ್ಡವನ್ನು ಆರಿಸಿ ಕೊಡುತ್ತಿದ್ದಳು. ಒಂದು ಸಲ ನೆರೆಮನೆಯ ಸೊಸೆಯ ಕುಬಸಕ್ಕೆ ಅವ್ವ, ಆಯಿ, ನಾನು ಹೊರಟಾಗ ಅತ್ತಿಯೂ ಮಿಂದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಳು. ಆ ಸೊಸೆ ಅತ್ತಿಯ ಜೊತೆ ಹಿತ್ತಲ ಗೋಡೆಯ ಮೇಲೆ ದಿನವೂ ಮಾತಾಡುವವಳು, ತಪ್ಪದೆ ಬಾ ಎಂದು ತಾನೇ ಕರೆದಿದ್ದಳು. ಆಯಿ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿ "ನೀ ಎತ್ತಾಗ?" ಎಂದು ಕೇಳಿದಳು. ದನಿ ಎತ್ತರಿಸಿರಲಿಲ್ಲ. ಅತ್ತಿ ಹಿಂದಕ್ಕೆ ಹೋದಳು. ನಾವು ಉಂಡು ತಿರುಗಿ ಬಂದಾಗ ಅವಳು ಅದೇ ಒಳ್ಳೆಯ ಸೀರೆಯಲ್ಲಿ, ಮೊಳಕಾಲವರೆಗೆ ಕೆಸರು ಮಾಡಿಕೊಂಡು ಗಿಡದ ಮಡಿ ಅಗೆಯುತ್ತಿದ್ದಳು.

ಅವ್ವ ಮತ್ತು ಅತ್ತಿ ಚಲೋ ಇದ್ದರು. ಇದನ್ನು ನಾನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವ್ವ ನಗುತ್ತಿದ್ದದ್ದು ಅತ್ತಿಯ ಜೊತೆ ಮಾತ್ರ. ಇಬ್ಬರೂ ಹಿತ್ತಲಲ್ಲಿ ಕುಳಿತು ಕಾಳು ಹಸನು ಮಾಡುವಾಗ ಒಬ್ಬರ ತಲೆಗೆ ಒಬ್ಬರು ತಾಗುವಷ್ಟು ಹತ್ತಿರ ಕೂತು, ಆಯಿಗೆ ಕೇಳದ ಹಾಗೆ ಏನೇನೋ ಮಾತಾಡಿ ನಗುತ್ತಿದ್ದರು. ನನಗೆ ಒಂಬತ್ತು ತುಂಬುವ ಹೊತ್ತಿಗೆ ಅವ್ವ ಮೂರನೆಯ ಸಲ ಬಸುರಾದಳು. ಮೊದಲೆರಡು ನಾನು ಮತ್ತು ಸುರೇಖಾ. ಆ ಮನೆಯಲ್ಲಿ ಅವ್ವನ ಕಾಲ ಕೆಳಗಿನ ನೆಲ ಎಷ್ಟು ತೆಳುವಾಗಿತ್ತು ಎಂಬುದು ಅವಳಿಗೆ ಗೊತ್ತಿತ್ತು. ಬಸ್ಸಿಳಿದು ಬಂದ ಒಬ್ಬಳು ಕಣ್ಣೆದುರಿಗೇ ಇದ್ದಳಲ್ಲ.

ಐದನೆಯ ತಿಂಗಳಿಗೆ ಅವ್ವನ ಪಾದ ಊದಿದವು. ಚಪ್ಪಲಿ ಹಿಡಿಸುತ್ತಿರಲಿಲ್ಲ. ಅಪ್ಪ ಅವಳನ್ನು ರಾಯಬಾಗಕ್ಕೆ ಡಾಕ್ಟರ ಕಡೆ ಕರೆದುಕೊಂಡು ಹೋದಾಗ ನಾನೂ ಹೋಗಿದ್ದೆ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿ ನೋಡಿದರು, ಮತ್ತೊಮ್ಮೆ ನೋಡಿದರು. ಉಪ್ಪು ಬಿಡಿಸಬೇಕು, ಭಾರ ಎತ್ತಿಸಬಾರದು, ಹೆಚ್ಚು ಹೊತ್ತು ಮಲಗಿಯೇ ಇರಬೇಕು, ತಲೆನೋವು ಬಂದು ಕಣ್ಣು ಮಂಜಾದರೆ ಆ ಕ್ಷಣಕ್ಕೆ ಕರೆತರಬೇಕು ಎಂದು ಅಪ್ಪನಿಗೆ ಬಿಡಿಸಿ ಹೇಳಿದರು. ಅಪ್ಪ ಮನೆಗೆ ಬಂದು ಆಯಿಗೆ ಅರ್ಧ ಹೇಳಿದ. ಮಲಗುವ ಮಾತು ಬಂದಾಗ ಆಯಿ, ತಾನು ಹೊಲದಲ್ಲಿ ಕಳೆ ತೆಗೆಯುತ್ತಲೇ ಅಪ್ಪನನ್ನು ಹಡೆದವಳು ಎಂದಳು. ಮಾತು ಅಲ್ಲಿಗೆ ನಿಂತಿತು. ಅಂದಿನಿಂದ ನೀರು ತರುವುದು, ಸೆಗಣಿ ಬಳಿಯುವುದು, ಗಿರಣಿಗೆ ಜೋಳ ಹೊರುವುದು ಎಲ್ಲವನ್ನೂ ಅತ್ತಿ ಕೇಳದೆ ತಾನೇ ಮಾಡತೊಡಗಿದಳು. ಆದರೆ ರೊಟ್ಟಿ ಬಡಿಯುವುದನ್ನು ಆಯಿ ಅವಳಿಗೆ ಬಿಡಲಿಲ್ಲ. ಬಸುರಿಯ ತಾಟಿಗೆ ಬೀಳುವ ಅನ್ನಕ್ಕೆ ಬಂಜೆಯ ಕೈ ತಾಗಬಾರದು. ಅತ್ತಿ ಬೆಳೆದ ದಾಳಿಂಬೆಯನ್ನು ಕೂಡ ಆಯಿಯೇ ಕಿತ್ತು, ಆಯಿಯೇ ಒಡೆದು, ಆಯಿಯೇ ಅವ್ವನ ಕೈಗೆ ಕೊಡುತ್ತಿದ್ದಳು. ರಕ್ತವಾಗುತ್ತದೆಂದು ದಿನಕ್ಕೊಂದು. ಒಲೆಯ ಮುಂದೆ ಬೆವರುತ್ತ ಅವ್ವ ಊದಿದ ಕಾಲು ಚಾಚಿಕೊಂಡು ರೊಟ್ಟಿ ಬಡಿಯುತ್ತಿದ್ದದ್ದು ಈಗಲೂ ನನ್ನ ಕಣ್ಣಲ್ಲಿದೆ.

ಕುಬಸ ಮೊದಲ ಬಸಿರಿಗೆ ಮಾತ್ರ ಮಾಡುವುದು ನಮ್ಮಲ್ಲಿಯ ರೂಢಿ. ಈ ಸಲ ಗಂಡಾಗುತ್ತದೆ, ಮತ್ತೊಮ್ಮೆ ಉಡಿ ತುಂಬಿಸಿರಿ ಎಂದು ಮೈಮೇಲೆ ದೇವರು ಬಂದು ಹೇಳಿಕೆ ಹೇಳುವ ಒಬ್ಬಳು ಆಯಿಗೆ ಹೇಳಿದ್ದಳು. ಅವ್ವನಿಗೆ ಹಸಿರು ಇಳಕಲ್ ಸೀರೆ ಬಂತು, ಮೊಳಕೈವರೆಗೆ ಹಸಿರು ಬಳೆ ಇಡಿಸಿದರು. ಉಡಿ ತುಂಬುವವರೆಗೆ ಏನೂ ತಿನ್ನಬಾರದೆಂದು ಬೆಳಗಿನಿಂದ ಅವಳನ್ನು ಮಣೆಯ ಮೇಲೆ ಕೂರಿಸಿದ್ದರು. ಮುತ್ತೈದೆಯರು ಬರುವುದು ತಡವಾಗುತ್ತಾ ಹೋಯಿತು. ಅತ್ತಿ ಒಳಗೆ ಬೆನ್ನು ಹಾಕಿ ಕೂತು ಹೋಳಿಗೆಗೆ ಹೂರಣ ಅರೆಯುತ್ತಿದ್ದಳು. ಬಂದವರಿಗೆ ಬಡಿಸುವ ಅಡುಗೆಗೆ ಅವಳ ಕೈ ಆಗುತ್ತಿತ್ತು. ಅವ್ವ ನನ್ನನ್ನು ಕಣ್ಣಿನಿಂದಲೇ ಕರೆದು, ತಲೆ ತಿರುಗುತ್ತಿದೆ, ಬಾಯಿಗೆ ಏನಾದರೂ ತಂದುಕೊಡು ಎಂದು ಪಿಸುಗುಟ್ಟಿದಳು. ತಾಟಿನ ದಾಳಿಂಬೆಗಳ ಮುಂದೆ ಆಯಿ ಕಾವಲು ಕುಳಿತಿದ್ದಳು. ನಾನು ಹಿತ್ತಲಿಗೆ ಹೋಗಿ ಬಾಗಿಲ ಹಿಂದಿನ ಬುಟ್ಟಿಯಿಂದ ಒಂದು ಬಿರಿದ ಹಣ್ಣು ತೆಗೆದೆ. ಅದರ ಬಿರುಕಿನಲ್ಲಿ ಇರುವೆ ಇದ್ದವು. ಊದಿ ಹಾರಿಸಿದೆ. ಲಂಗದಲ್ಲಿ ಮುಚ್ಚಿಕೊಂಡು ತಂದು ಅವ್ವನ ಮಡಿಲಿಗೆ ಹಾಕಿದೆ. ಅವಳು ಸೆರಗು ಮರೆ ಮಾಡಿಕೊಂಡು ಗಬಗಬನೆ ತಿಂದಳು. ರಸ ಹಸಿರು ಸೀರೆಯ ಮೇಲೆ ಬಿತ್ತು. ಉಗುಳು ಹಚ್ಚಿ ತಿಕ್ಕಿದಳು. ದಾಳಿಂಬೆಯ ಕಲೆ ಹಾಗೆಲ್ಲ ಹೋಗುವುದಿಲ್ಲ, ಆರಿದ ಮೇಲೆ ಕಪ್ಪಾಗುತ್ತದೆ.

ಹದಿನೈದು ದಿನಕ್ಕೆ ಅವ್ವನಿಗೆ ತಲೆ ಸಿಡಿಯತೊಡಗಿತು. ಎರಡು ದಿನ ತಲೆಗೆ ಅರಿವೆ ಬಿಗಿದು ಕಟ್ಟಿಕೊಂಡು ಕೆಲಸ ಮಾಡಿದಳು. ಮೂರನೆಯ ದಿನ ಬೆಳಿಗ್ಗೆ ಒಲೆಯ ಮುಂದೆಯೇ ಬಿದ್ದು ಕೈಕಾಲು ಸೆಟೆದುಕೊಂಡಳು, ಬಾಯಲ್ಲಿ ನೊರೆ ಬಂತು. ಅತ್ತಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾಲಗೆ ಕಚ್ಚಿಕೊಳ್ಳದಂತೆ ಅರಿವೆ ಹಿಡಿದಳು, ಆಗ ಯಾರೂ ಅವಳ ಕೈ ತಾಗಬಾರದೆಂದು ಹೇಳಲಿಲ್ಲ. ನೆರೆಯವರ ಟೆಂಪೋದಲ್ಲಿ ರಾಯಬಾಗಕ್ಕೆ ಒಯ್ದರು. ಅವ್ವ ಉಳಿದಳು. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಗಂಡು.

ಅವ್ವ ಮನೆಗೆ ಬಂದು ನಾಲ್ಕು ದಿನಕ್ಕೆ ಅಥಣಿಯ ಕಡೆಯಿಂದ ನನ್ನ ಮಾಮಾ, ಅವ್ವನ ಅಣ್ಣ, ಇಬ್ಬರು ಹಿರಿಯರನ್ನು ಕರೆದುಕೊಂಡು ಬಂದ. ಆಸ್ಪತ್ರೆಗೆ ಹೋಗಿ ಡಾಕ್ಟರ ಜೊತೆ ಮಾತಾಡಿಯೇ ಬಂದಿದ್ದನೆಂದು ಕಾಣುತ್ತದೆ. ಪಡಸಾಲೆಯಲ್ಲಿ ಕುಳಿತು, ಮಲಗಿಸಿರಿ ಎಂದು ಹೇಳಿದ್ದರಂತಲ್ಲ, ನಮ್ಮ ಹುಡುಗಿಯನ್ನು ಮಲಗಿಸಿದ್ದಿರಾ ಎಂದು ಅಪ್ಪನನ್ನು ಕೇಳಿದ. ಅಪ್ಪ ನೆಲ ನೋಡಿದ. ಹಾಗಾದರೆ ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ, ಇನ್ನು ಕಳಿಸುವುದು ಬಿಡುವುದು ಆಮೇಲೆ ನೋಡೋಣ ಎಂದ. ಅವ್ವ ಅಲ್ಲೇ ಗೋಡೆಯ ಬದಿಗೆ ಕೌದಿಯ ಮೇಲೆ ಮಲಗಿದ್ದಳು. ಆಯಿ ಎದ್ದು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಹಸಿರು ಸೀರೆ ಇತ್ತು. ಅದನ್ನು ಹಿರಿಯರ ಮುಂದೆ ಹರವಿ, ಕಪ್ಪು ಕಲೆಯ ಮೇಲೆ ಬೆರಳಿಟ್ಟಳು. ಕುಬಸದ ದಿನ ತಾನು ಸೊಸೆಗೆ ಒಂದು ಕಾಳೂ ಕೊಟ್ಟಿರಲಿಲ್ಲ, ಉಡಿ ತುಂಬುವ ಮೊದಲೇ ಯಾರದೋ ಕೈಯಿಂದ ದಾಳಿಂಬೆ ಅವಳ ಹೊಟ್ಟೆಗೆ ಹೋಗಿದೆ ಎಂದಳು. ಆಮೇಲೆ ನನ್ನನ್ನು ಕರೆದಳು.

"ಮಾಲಾ, ಇಲ್ಲಿ ಬಾ. ಅಂಜಬ್ಯಾಡ. ಕುಬಸದ ದಿನಾ ನಿಮ್ಮವ್ವಗ ದಾಳಿಂಬ್ರಿ ಯಾರ ಕೊಟ್ರು?"

ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು ಇರುವೆಗಳು. ಕೂಸು ಹೋದ ದಿನದಿಂದ ನಾನು ಯಾರಿಗೂ ಹೇಳದೆ ಹೊತ್ತುಕೊಂಡು ತಿರುಗುತ್ತಿದ್ದ ಭಯ ಅದು. ಕೊಳೆತ ಹಣ್ಣು ಕೊಟ್ಟು ತಮ್ಮನನ್ನು ಕೊಂದವಳು ನಾನೇ ಎಂದು. ಅತ್ತಿ ಬಂದವರಿಗೆ ನೀರಿನ ತಂಬಿಗೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

"ಅತ್ತಿ" ಎಂದೆ.

ಅವ್ವ ಕಣ್ಣು ತೆರೆದು ನನ್ನನ್ನು ನೋಡಿದಳು. ಆ ಹಣ್ಣು ಯಾರ ಕೈಯಿಂದ ಬಂತೆಂದು ನನ್ನನ್ನು ಬಿಟ್ಟರೆ ಗೊತ್ತಿದ್ದದ್ದು ಅವಳೊಬ್ಬಳಿಗೆ. ಒಂದು ಮಾತು ಸಾಕಿತ್ತು. ಅವಳು ಮೆಲ್ಲಗೆ ಹೊರಳಿ ಗೋಡೆಯ ಕಡೆ ಮುಖ ಮಾಡಿದಳು. ಮಾಮಾ ಸೀರೆಯ ಕಲೆಯನ್ನು ನೋಡುತ್ತ ಕುಳಿತ. ಹಿರಿಯರಲ್ಲಿ ಒಬ್ಬ, ಇಂಥವರನ್ನು ಮನೆಯಲ್ಲಿ ಇಟ್ಟುಕೊಂಡು ಬಸುರಿಯನ್ನೂ ಇಟ್ಟುಕೊಂಡದ್ದು ತಪ್ಪು ಎಂದ. ಆ ಮೇಲೆ ಮಾತು ಮಲಗಿಸಿದ್ದರ, ಬಿಟ್ಟದ್ದರ ಸುದ್ದಿಗೆ ಮತ್ತೆ ಬರಲಿಲ್ಲ. ಅತ್ತಿ ಮುಂದೆ ಬಂದು ತಂಬಿಗೆಯನ್ನು ಮಾಮಾನ ಮುಂದಿಟ್ಟು ಹೋದಳು. ಆ ನೀರನ್ನು ಯಾರೂ ಕುಡಿಯಲಿಲ್ಲ.

ಅವಳಿಗೆ ಹೋಗು ಎಂದು ಯಾರೂ ಹೇಳಲಿಲ್ಲ. ಹೇಳುವ ಪಾಪವನ್ನೂ ಆ ಮನೆ ಅವಳ ಮೇಲೆಯೇ ಹಾಕಿತು. ಮರುದಿನ ಬೆಳಿಗ್ಗೆ ಅತ್ತಿ ಎಂದಿನ ಹಾಗೆ ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿ ಎರಡು ಜಡೆ ಹಾಕಿದಳು. ಯಾಕೆ ಹಾಗೆಂದೆ ಎಂದು ಕೇಳುತ್ತಾಳೆಂದು ನಾನು ಮೈ ಬಿಗಿಹಿಡಿದು ಕುಳಿತಿದ್ದೆ. ಕೇಳಲಿಲ್ಲ. ಜಡೆ ಮಾತ್ರ ಎಂದಿಗಿಂತ ಬಿಗಿಯಾಗಿತ್ತು. ನಾನು ಸಾಲೆಯಿಂದ ಬರುವ ಹೊತ್ತಿಗೆ ಬಚ್ಚಲ ಪಕ್ಕದ ಕೋಣೆಯಲ್ಲಿ ಕೌದಿ ಮಡಿಚಿಟ್ಟಿತ್ತು, ಅವಳ ಕೈಚೀಲ ಇರಲಿಲ್ಲ. ಚಿಕ್ಕೋಡಿಯ ಬಸ್ಸು ಹತ್ತಿದ್ದನ್ನು ಕಂಡವರಿದ್ದರು. ಅಲ್ಲಿಂದ ನಿಪ್ಪಾಣಿಗೆ ಹೋದಳಂತೆ, ಬೀಡಿ ಕಟ್ಟುತ್ತಾಳಂತೆ ಎಂಬ ಸುದ್ದಿ ತಿಂಗಳಿಗೆ ಬಂತು. ಎಲ್ಲರಿಗೂ ಗೊತ್ತಾಯಿತು, ಯಾರೂ ಹೋಗಲಿಲ್ಲ. ಆಯಿ ಆಳು ಕರೆಸಿ ಮೂರೂ ಗಿಡಗಳನ್ನು ಬುಡದ ಮಟ್ಟಕ್ಕೆ ಕಡಿಸಿದಳು. ಬಟ್ಟೆ ಕಟ್ಟಿದ ಕಾಯಿಗಳು ಹಾಗೆಯೇ ಕೊಂಬೆಗಳ ಜೊತೆ ತಿಪ್ಪೆಗೆ ಹೋದವು. ಮಳೆ ಬಿದ್ದಾಗೊಮ್ಮೆ ಬುಡದಿಂದ ಮರಿಗಳು ಏಳುತ್ತಿದ್ದವು, ಮತ್ತೆ ಕಡಿಸುತ್ತಿದ್ದಳು. ಆರೇಳು ವರ್ಷದ ಮೇಲೆ ಅಪ್ಪ ಅಲ್ಲಿ ನೆಲ ಅಗೆಸಿ ಸೆಗಣಿ ಗ್ಯಾಸಿನ ತೊಟ್ಟಿ ಕಟ್ಟಿಸಿದ. ಅವ್ವನಿಗೆ ಆಮೇಲೆ ಮಕ್ಕಳಾಗಲಿಲ್ಲ. ಅವಳು ಹಿತ್ತಲಲ್ಲಿ ಒಬ್ಬಳೇ ಕೂತು ಕಾಳು ಹಸನು ಮಾಡುತ್ತಿದ್ದಳು. ನನ್ನ ಜೊತೆ ಒಂಟಿಯಾಗಿ ಎಲ್ಲಿಯೂ ಕೂಡುತ್ತಿರಲಿಲ್ಲ. ಮನೆಯಲ್ಲಿ ಎಲ್ಲರೂ ನನ್ನನ್ನು ಶಾಣ್ಯಾ ಹುಡುಗಿ ಎನ್ನುತ್ತಿದ್ದರು. ಕೇಳಿದ್ದಕ್ಕೆ ಬೇಕಾದ ಉತ್ತರ ಕೊಡುವ ಹುಡುಗಿ ನಾನು. ಬಂದವರನ್ನು ಚಹಾ ಕುಡಿಯುವಿರಾ ಎಂದು ಕೇಳಿದರೆ, ಅವರು ಬೇಡ ಅನ್ನುವ ಮೊದಲೇ ಅವರ ಮುಖ ಓದುತ್ತಿದ್ದೆ. ಮಾಸ್ತರರು ಯಾವ ಉತ್ತರ ಬಯಸುತ್ತಾರೆ, ಆಯಿ ಯಾರ ಮೇಲೆ ಸಿಟ್ಟಾಗಿದ್ದಾಳೆ, ಅಪ್ಪನಿಗೆ ಇವತ್ತು ಯಾವ ಮಾತು ಬೇಡ, ಎಲ್ಲ ನನಗೆ ಗೊತ್ತಾಗುತ್ತಿತ್ತು. ಇದನ್ನೇ ನನ್ನ ಗುಣವೆಂದು ನನ್ನ ಮುಂದೆಯೇ ಹೊಗಳುತ್ತಿದ್ದರು.

ಹತ್ತನೆಯ ಇಯತ್ತೆ ಮುಗಿಸಿ ಎರಡು ವರ್ಷ ಮನೆಯಲ್ಲಿ ಕುಳಿತ ಮೇಲೆ ನಾನು ನರ್ಸಿನ ತರಬೇತಿಗೆ ಸೇರಿದೆ. ಒಂದು ದಿನ ಪಾಠ ಹೇಳುತ್ತಿದ್ದ ಬಾಯಿಯವರು ಬಸುರಿನಲ್ಲಿ ರಕ್ತದ ಒತ್ತಡ ಏರಿದರೆ ಏನಾಗುತ್ತದೆಂದು ಹೇಳಿದರು. ಮೊದಲು ಪಾದ ಊದುತ್ತವೆ, ಆಮೇಲೆ ತಲೆನೋವು, ಕಣ್ಣು ಮಂಜಾಗುವುದು, ಕಡೆಗೆ ಸೆಳೆತ. ಎಲ್ಲರೂ ಬರೆದುಕೊಳ್ಳುತ್ತಿದ್ದರು. ನಾನೂ ಬರೆದುಕೊಂಡೆ. ಬರೆದದ್ದನ್ನು ಓದಿದಾಗ ಅದು ನಮ್ಮ ಅಡುಗೆಮನೆಯ ನೆಲದ ಮೇಲೆ ನಾನು ಕಂಡದ್ದೇ ಆಗಿತ್ತು, ಒಂದೊಂದಾಗಿ, ಅದೇ ಕ್ರಮದಲ್ಲಿ. ದಾಳಿಂಬೆಯ ಹೆಸರು ಎಲ್ಲೂ ಇರಲಿಲ್ಲ. ಹತ್ತು ವರ್ಷ ನಾನು ಹೊತ್ತ ಕೊಲೆ ಆ ಕ್ಷಣಕ್ಕೆ ಇಳಿಯಿತು. ಇಳಿದ ಮೇಲೆ ಅದರಡಿಯಲ್ಲಿ ಇದ್ದದ್ದು ಕಂಡಿತು. ಕೊಂದಿರಲಿಲ್ಲ, ಆದರೆ ಸುಳ್ಳು ಹೇಳಿದ್ದೆ. ಅದು ಹಾಗೆಯೇ ಉಳಿದಿತ್ತು.

ಕಾಗವಾಡದ ಕಡೆ ಒಂದು ಉಪಕೇಂದ್ರಕ್ಕೆ ನೌಕರಿ ಸಿಕ್ಕ ಮೇಲೆ ಮೊದಲ ರಜೆಯಲ್ಲಿ ನಿಪ್ಪಾಣಿಗೆ ಹೋದೆ. ಕೇಳುತ್ತ ಕೇಳುತ್ತ ಒಂದು ಓಣಿಯಲ್ಲಿ ಅವಳ ಕೋಣೆ ಸಿಕ್ಕಿತು. ಅತ್ತಿ ಬಾಗಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ತಲೆಯ ಮುಂಭಾಗ ಬೆಳ್ಳಗಾಗಿತ್ತು. ನನ್ನ ಗುರುತು ತಕ್ಷಣ ಹಿಡಿದಳು, ಮರಾಠಿಯಲ್ಲಿ ಕೂಡು ಎಂದು ಹೇಳಿ ಮತ್ತೆ ಕನ್ನಡಕ್ಕೆ ತಿರುಗಿದಳು. ಚಹಾ ಮಾಡಿ ಕೊಟ್ಟಳು. ಸುರೇಖಾ ಹೇಗಿದ್ದಾಳೆಂದು ಕೇಳಿದಳು. ಅವ್ವನನ್ನು ಕೇಳಲಿಲ್ಲ. ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳನ್ನೆಲ್ಲ ಹೇಳಿದೆ. ಬುಟ್ಟಿಯ ಹಣ್ಣು, ಇರುವೆ, ಹೆದರಿಕೆ, ಪಾಠದ ದಿನ ಎಲ್ಲ. ಹೇಳುತ್ತ ಅತ್ತುಬಿಟ್ಟೆ. ಅತ್ತಿಯ ಕೈ ನಿಲ್ಲಲಿಲ್ಲ, ಎಲೆ ಕತ್ತರಿಸುತ್ತ, ತಂಬಾಕು ತುಂಬುತ್ತ, ದಾರ ಸುತ್ತುತ್ತ ಇತ್ತು.

"ನೀ ಹೇಳಿ ಹಗರ ಆದಿ" ಎಂದಳು ಕಡೆಗೆ. "ಇದನ್ನ ತಗೊಂಡ ನಾ ಏನ ಮಾಡ್ಲಿ? ನನಗ ಆವತ್ತ ಗೊತ್ತಿತ್ತಲ್ಲ, ನಾ ಕೊಟ್ಟಿಲ್ಲಂತ. ಯಾರ ಮುಂದ ಸುಳ್ಳ ಹೇಳಿದ್ಯೋ ಅವರ ಮುಂದ ಹೋಗಿ ಹೇಳು."

ಅಲ್ಲಿಂದ ನೇರವಾಗಿ ಊರಿಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು. ಅಪ್ಪ ಪಡಸಾಲೆಯಲ್ಲಿ ತಾಟಿನ ಮುಂದೆ ಕುಳಿತಿದ್ದ, ಆಯಿ ಕಂಬಕ್ಕೆ ಒರಗಿದ್ದಳು, ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಹಣ್ಣು ಕೊಟ್ಟವಳು ನಾನು, ಅತ್ತಿ ಅಲ್ಲ, ಮತ್ತು ಕೂಸು ಸತ್ತದ್ದು ಹಣ್ಣಿನಿಂದ ಅಲ್ಲ. ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಅಪ್ಪ ಕೈ ತೊಳೆದುಕೊಂಡು, ಮುಗಿದುಹೋದ ಮಾತು ಈಗ ಯಾಕೆ ಎಂದು ಹೇಳಿ ಹೊಲಕ್ಕೆ ಹೋದ. ಆಯಿ ಮಾತ್ರ ತಲೆ ಎತ್ತಿ ನನ್ನನ್ನು ನೋಡಿದಳು. ನಾಚಿಕೆಯಾಗಲಿ, ಸಿಟ್ಟಾಗಲಿ ಅವಳ ಮುಖದಲ್ಲಿರಲಿಲ್ಲ, ದಡ್ಡ ಹುಡುಗಿಗೆ ಲೆಕ್ಕ ಹೇಳಿಕೊಡುವ ತಾಳ್ಮೆಯಿತ್ತು.

"ಹಣ್ಣ ತಿಂದ್ರ ಕೂಸ ಸಾಯ್ತಾವೇನ? ಏಳ ಹಡದಾಕಿ ನಾ, ನನಗ ಗೊತ್ತಿರಲಿಲ್ಲೇನ? ಆವತ್ತ ನಿಮ್ಮ ಮಾಮಾ ನಿಮ್ಮವ್ವನ್ನ ಕರಕೊಂಡ ಹೊಂಟಿದ್ದ. ಮನಿಗೆ ಬಂದ ಸೊಸಿ ಹೋಗಬೇಕಿತ್ತೋ, ಹೋಗಿ ತಿರಗಿ ಬಂದ ಮಗಳ ಹೋಗಬೇಕಿತ್ತೋ? ನೀನ ಹೇಳು."

ಅಂದು ಅವಳು ಹಸಿರು ಸೀರೆಯನ್ನು ಹರವಿದಾಗ ನನ್ನ ಉತ್ತರ ಏನಿರುತ್ತದೆಂಬುದೂ ಅವಳಿಗೆ ಮೊದಲೇ ಗೊತ್ತಿತ್ತು. ನಾನು ಅತ್ತಿಯ ಹೆಸರು ಹೇಳದಿದ್ದರೆ ಇನ್ನೊಂದು ದಾರಿ ಹುಡುಕುತ್ತಿದ್ದಳು. ಒಳಗೆ ಹೋದೆ. ಅವ್ವ ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದು ಕುಳಿತಿದ್ದಳು. ನನ್ನ ಮುಖ ನೋಡದೆ, ಹೆಂಚಿನ ಮೇಲಿನ ರೊಟ್ಟಿಯನ್ನು ನೋಡುತ್ತ ಮಾತಾಡಿದಳು.

"ನಾ ಬಾಯಿ ಬಿಟ್ಟಿದ್ರ ನನ್ನ ತವರಮನ್ಯಾಗ ನಾನೂ ತಾರಾನಂಗ ಹೊಸ್ತಲದಾಗ ಕೂತ ಉಣಬೇಕಾಗ್ತಿತ್ತು. ನಿಮ್ಮಿಬ್ಬರನ್ನ ಇಲ್ಲೇ ಬಿಟ್ಟು."

ಅಷ್ಟೇ. ರೊಟ್ಟಿ ತಿರುವಿ ಹಾಕಿದಳು. ಆ ಮನೆಯಲ್ಲಿ ಸತ್ಯ ಯಾರಿಗೂ ಹೊಸದಾಗಿರಲಿಲ್ಲ. ಅದು ಗೊತ್ತಿಲ್ಲದವಳು ನಾನೊಬ್ಬಳೇ ಆಗಿದ್ದೆ, ಹೇಳಿದವಳೂ ನಾನೇ ಆಗಿದ್ದೆ.

ಎರಡು ತಿಂಗಳು ನಿಪ್ಪಾಣಿಯ ಕಡೆ ಹೋಗುವ ಧೈರ್ಯವಾಗಲಿಲ್ಲ. ಹೋದಾಗ ಅತ್ತಿ ಅದೇ ಬಾಗಿಲಲ್ಲಿ ಕುಳಿತಿದ್ದಳು, ಪಕ್ಕದ ಮನೆಯ ಹೆಂಗಸೊಬ್ಬಳು ಎದುರಿಗೆ ಕೂತು ತನ್ನ ಮೊರದಲ್ಲಿ ಬೀಡಿ ಕಟ್ಟುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಅತ್ತಿ ಕೇಳಿದಳು.

"ಹೇಳಿದಿ?"

ಹೇಳಿದೆ ಎಂದೆ. ಆಯಿ ಏನೆಂದಳು ಎಂದು ಕೇಳಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದು ಬಸ್ಸಿನುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದೆ. ಆದರೆ ಅವಳು ತಲೆ ಎತ್ತಿ ನೋಡಿದಾಗ ಆ ಮುಖ ಓದುವುದು ನನಗೆ ಬರುತ್ತಿತ್ತು. ಯಾವ ಉತ್ತರ ಬೇಕಾಗಿತ್ತೋ ಅದು ಅಲ್ಲಿ ಬರೆದಿತ್ತು.

"ಆಯಿ ಅತ್ಲು" ಎಂದೆ.

ಅತ್ತಿಯ ಕೈ ನಿಂತಿತು. ಮೊದಲ ಸಲ ಬಂದಾಗ ನನ್ನ ಕಣ್ಣೀರಿಗೆ ನಿಲ್ಲದ ಕೈ. ಏನೆಂದು ಅತ್ತಳು ಎಂದು ಕೇಳಿದಳು. ನಿನ್ನ ಹೆಸರು ಹಿಡಿದು ಅತ್ತಳು ಎಂದೆ. ತನ್ನಿಂದ ತಪ್ಪಾಯಿತು ಎಂದಳೆಂದು ಸೇರಿಸಿದೆ. ಅವಳಿಗೆ ಅದೂ ಸಾಲಲಿಲ್ಲ. ತಿರುಗಿ ಬಂದ ದಿನದಿಂದ ಆಯಿ ಅವಳನ್ನು ಅವ್ವಾ ಸೇರಿಸಿ ಅಕ್ಕರೆಯಿಂದ ಕರೆದದ್ದಿರಲಿಲ್ಲ.

"ತಾರಾ ಅಂದ್ಳೋ, ತಾರವ್ವಾ ಅಂದ್ಳೋ?"

"ತಾರವ್ವಾ ಅಂದ್ಳು."

ಅತ್ತಿ ಮೊರವನ್ನು ಪಕ್ಕಕ್ಕೆ ಸರಿಸಿ, ಸೆರಗಿನಿಂದ ಕೈಯ ತಂಬಾಕಿನ ಪುಡಿ ಒರೆಸಿಕೊಂಡಳು. ಆಮೇಲೆ ಎದುರಿಗಿದ್ದ ಹೆಂಗಸಿನ ಕಡೆ ತಿರುಗಿ, ಅವಳಿಗೆ ತಿಳಿಯಲಿ ಎಂದು ಮರಾಠಿಯಲ್ಲಿ, ನನ್ನ ತಾಯಿ ನನ್ನ ಹೆಸರು ಕರೆದು ಅತ್ತಳಂತೆ ಎಂದು ಹೇಳಿದಳು.